ಡಬ್ಬಿಗಳ ಮೇಲಿನ ಜಪಾನಿ

ರೀ,

ಊಟ ಒಲೆ ಮೇಲಿದೆ. ಅದು ಆರಿರಬಹುದು, ನನ್ನ ಸಿಟ್ಟು ಆರಿಲ್ಲ.

ಅಡುಗೆಮನೆ ಡಬ್ಬಿ ತೊಳೆದಿರಿ, ದೊಡ್ಡ ಉಪಕಾರ. ಆದರೆ ನಾನು ಪುಸ್ತಕ ನೋಡಿ ಜಪಾನಿ ಹೆಸರು ಬರೆದು ಅಂಟಿಸಿದ್ದ ಚೀಟಿಗಳು ಕಿತ್ತು ಬಂದವಲ್ಲ, ಅವನ್ನು ಮನಸ್ಸಿಗೆ ಬಂದ ಡಬ್ಬಿಗೆ ಅಂಟಿಸಿ ಸುಮ್ಮನಿದ್ದಿರಲ್ಲ! ನಾನೊಬ್ಬಳು ಪೆದ್ದಿ, ಒಲೆ ಮುಂದೆ ನಿಂತು ವಾರವಿಡೀ ಅದನ್ನೇ ಬಾಯಿಪಾಠ ಮಾಡಿದೆ. ನಿನ್ನೆ ಯೂನಿವರ್ಸಿಟಿಯ ಜಪಾನಿ ಕ್ಲಾಸಲ್ಲಿ ಮೇಷ್ಟ್ರು ಸಕ್ಕರೆಗೆ ಏನಂತಾರೆ ಅಂತ ಕೇಳಿದರು. ಎಲ್ಲರಿಗಿಂತ ಮುಂಚೆ ಕೈ ಎತ್ತಿ ಉಪ್ಪಿನ ಹೆಸರು ಹೇಳಿದೆ. ಮಗಳ ವಯಸ್ಸಿನ ಹುಡುಗಿಯರ ಮುಂದೆ ಮಾನ ಹರಾಜಾಯಿತು.

ಮನೆಗೆ ಬಂದು ಕೇಳಿದರೆ, "ನಂಗೆ ಎಲ್ಲಾ ಒಂದೇ ತರ ಕಾಣುತ್ತೆ ಕಣೇ" ಅಂತ ಹಲ್ಲು ಕಿರಿದಿರಿ. ಐವತ್ತೆರಡನೇ ವಯಸ್ಸಲ್ಲಿ ಅ ಆ ಇ ಈಯಿಂದ ಶುರು ಮಾಡಿದವಳ ಕಷ್ಟ ನಗುವವರಿಗೇನು ಗೊತ್ತು?

ಬಿಪಿ ಮಾತ್ರೆ ಮರೀಬೇಡಿ.

ಚೀಟಿಗಳನ್ನೆಲ್ಲ ಕಿತ್ತು ಬಿಸಾಕಿದ್ದೀನಿ. ಪುಸ್ತಕ, ಪೆನ್ನು, ಗೋಂದು ಮೇಜಿನ ಮೇಲಿದೆ. ಹನ್ನೊಂದು ಡಬ್ಬಿಗೂ ನೀವೇ ಬರೆದು ಅಂಟಿಸಿ. ಒಂದು ಗೆರೆ ಸೊಟ್ಟಗಾದರೂ ಮತ್ತೆ ಬರೆಸ್ತೀನಿ.

ಸಂಜೆ ಬರ್ತೀನಿ. ಆವಾಗ ಹೇಳಿ, ಎಲ್ಲಾ ಒಂದೇ ತರ ಕಾಣುತ್ತಾ ಅಂತ.