ಸಾಲು ತಪ್ಪಿದ ಟೊಮೆಟೊ ಗಿಡ

ತಂಗಿಗೆ,

ನೀನು ಅಣ್ಣನ ಮನೆಯಲ್ಲಿ ಕ್ಷೇಮವಾಗಿರುವೆಯೆಂದು ತಿಳಿಯಿತು. ಈ ಪತ್ರ ಹಿತ್ತಲಿನ ವಿಚಾರಕ್ಕಷ್ಟೇ.

ಬೀಜದಂಗಡಿಯಲ್ಲಿ ಎರಡು ಬಗೆಯ ಟೊಮೆಟೊ ಇವೆ: ಒಂದು ಹುಳಿಯಾದ ನಾಟಿ, ಇನ್ನೊಂದು ಬೇಗ ಕೆಡದ ಗಟ್ಟಿ ತಿರುಳಿನದು. ಯಾವುದು ಒಳ್ಳೆಯದೆಂದು ಕೇಳಿದರೆ ಅಂಗಡಿಯಾತ, "ನಿಮ್ಮ ತಂಗೀನ ಕೇಳಿ ಟೀಚರಮ್ಮ, ಕೈಗುಣ ಅವರದ್ದು" ಎಂದ. ಮೂವತ್ತೆರಡು ವರ್ಷ ಪಾಠ ಹೇಳಿದವಳಿಗೆ ಈ ಮಾತು! ಆದರೂ ಕೇಳುತ್ತಿದ್ದೇನೆ.

ಕಳೆದ ವರ್ಷ ತಾನಾಗಿ ಹುಟ್ಟಿದ್ದ ನಿನ್ನ ಟೊಮೆಟೊ ಗಿಡವನ್ನು, ಸಾಲು ತಪ್ಪಿದೆಯೆಂದು ನಾನು ಕಿತ್ತೆ. ಅದು ಹೂ ಬಿಟ್ಟಿತ್ತು. "ಅಕ್ಕಾ, ಇದು ಹಿತ್ತಲು ಕಣೇ, ನಿನ್ನ ಶಾಲೆಯ ಪ್ರಾರ್ಥನೆಯ ಸಾಲಲ್ಲ" ಎಂದವಳೇ ನೀನು ಬಟ್ಟೆ ತುಂಬಿಕೊಂಡು ಹೊರಟೆ. ನೀನು ಹೇಳಿದ್ದು ಸರಿ. ಇದನ್ನು ಎರಡನೆಯ ಬಾರಿ ಬರೆಯಲಾರೆ.

ಇನ್ನು ಮೆಣಸಿನಕಾಯಿಯ ಮಾತು. ವೈದ್ಯರು ನನಗೆ ಖಾರ ಬಿಡಿಸಿದ್ದಾರೆ. ನನ್ನೊಬ್ಬಳಿಗೆ ದೊಣ್ಣೆಮೆಣಸಿನಕಾಯಿಯ ಒಂದು ಗಿಡ ಧಾರಾಳವಾಯಿತು. ಆದರೂ ನೀನು ಊಟಕ್ಕೆ ಕಚ್ಚಿಕೊಳ್ಳುವ ಆ ಖಾರದ ಗಿಡ್ಡ ಮೆಣಸಿನಕಾಯಿಯ ಆರು ಸಸಿ ತಂದು ನೆರಳಿನಲ್ಲಿಟ್ಟಿದ್ದೇನೆ. ಮುಂದಿನ ವಾರದೊಳಗೆ ನೆಡಬೇಕು. ಎಲ್ಲಿ ನೆಡುವುದೆಂದು ಪತ್ರದಲ್ಲಿ ಬರೆಯಬೇಡ, ಬಂದು ತೋರಿಸು.

ನಿನ್ನ ದಾರಿ ನೋಡುತ್ತಿರುವ
ಅಕ್ಕ