ಅರಗಿನ ಮುದ್ರೆ ಬಿದ್ದ ನಮ್ಮ ಕಡವಿನ ದೋಣಿಯ ವಿಚಾರ

ಸಾರಿಗೆ ಖಾತೆಯ ಮಾನ್ಯ ದೊರೆಗಳೇ,

ಮೊದಲು ಕೈಯಲ್ಲಿರುವ ಚಹಾ ಲೋಟ ಕೆಳಗಿಟ್ಟು ನೆಟ್ಟಗೆ ಕೂರಿ. "ಇದು ನಮ್ಮ ಖಾತೆಗೆ ಬರುವುದಿಲ್ಲ" ಎಂದು ಪಕ್ಕದ ಮೇಜಿಗೆ ತಳ್ಳಿದಿರೋ, ನಿಮ್ಮನ್ನು ಹೆತ್ತವಳಿಗೆ ಹೇಳಿ ಕಿವಿ ಹಿಂಡಿಸುತ್ತೇನೆ.

ನೈಲ್ ನಡುವಿನ ನಮ್ಮ ದ್ವೀಪಕ್ಕಿದ್ದ ಒಂದೇ ಕಡವಿನ ದೋಣಿಗೆ ಕೆಂಪು ಅರಗಿನ ಮುದ್ರೆ ಬಿದ್ದು ಇಂದಿಗೆ ಇಪ್ಪತ್ತಾರು ದಿನ. ನನ್ನ ಮೊಮ್ಮಗಳು ಸನಿಯ್ಯಾಳಿಗೆ ತಿಂಗಳು ತುಂಬುತ್ತಿದೆ. ಮಗು ಅಡ್ಡ ಮಲಗಿದೆ, ಆಸ್ಪತ್ರೆಗೇ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಆಸ್ಪತ್ರೆ ಆಚೆ ದಡದಲ್ಲಿ. ಮೀನು ಹಿಡಿಯುವ ಪುಟ್ಟ ದೋಣಿಯಲ್ಲಿ ಕೂರಿಸಿ ನೋಡಿದೆವು. ಅವಳು ವಾಲಿದಳು, ದೋಣಿಯೂ ವಾಲಿತು, ಸೊಂಟದವರೆಗೆ ನೆನೆದು ಹಿಂದಿರುಗಿದೆವು.

ಪರವಾನಗಿ ಮುಗಿದಿದೆಯಂತೆ. ದೋಣಿ ನಿಮ್ಮದು, ನೀರು ನೀರಾವರಿಯವರದು, ಅದನ್ನು ಕಟ್ಟುವ ಗೂಟ ಜಿಲ್ಲಾಡಳಿತದ್ದು. ಹೊಸ ಪರವಾನಗಿಗೆ ಮೂವರೂ ಒಪ್ಪಬೇಕು, ಮುಚ್ಚುವುದಕ್ಕೆ ಒಬ್ಬರು ಸಾಕು! ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಮೂರು ಮನೆಯವರು ಸಾಕಿದ ಕತ್ತೆ ಹಸಿದು ಸಾಯುತ್ತದೆಂದು ನನಗೆ ಗೊತ್ತು. ಇಷ್ಟು ಓದಿದ ತಮಗೆ ಗೊತ್ತಿಲ್ಲವೇ?

ಮುದ್ರೆ ಹಾಕಲು ಬಂದ ನಿಮ್ಮ ಇಬ್ಬರು ಇನ್‌ಸ್ಪೆಕ್ಟರುಗಳ ಬುದ್ಧಿವಂತಿಕೆ ಕೇಳಿ. ಅದೇ ದೋಣಿಯಲ್ಲಿ ದಾಟಿ, ನಮ್ಮ ದಡದಲ್ಲಿ ಇಳಿದು, ಅಲ್ಲೇ ಮುದ್ರೆ ಒತ್ತಿ, ಬೆವರೊರೆಸಿಕೊಂಡು ತಿರುಗಿ ನೋಡಿದರು. ವಾಪಸು ಹೋಗುವುದು ಹೇಗೆ?

"ಲೋ ಶಹ್ಹಾತ, ಒಂದ್ಸಲ ಆಚೆ ಬಿಟ್ಬಿಡೋ" ಎಂದ ಹಿರಿಯವನು ಅಂಬಿಗನಿಗೆ.

"ಅಯ್ಯೋ ಸಾಹೇಬ್ರೇ, ಮುದ್ರೆ ಒಡೆದ್ರೆ ಜೈಲು ಅಂತ ಈಗ್ತಾನೆ ನೀವೇ ಓದಿ ಹೇಳಿದ್ರಲ್ಲಾ!"

"ನಾವೇ ಹಾಕಿದ್ದು, ನಾವೇ ತೆಗೆದ್ರಾಯ್ತು" ಎಂದ ಕಿರಿಯವನು.

"ಸುಮ್ನಿರೋ. ಹಾಕೋದಷ್ಟೇ ನಮ್ದು. ತೆಗೆಯೋದು ಬೇರೆ ಆಫೀಸಿಂದು."

ಅತಿಥಿಗಳಲ್ಲವೇ, ಮನೆಗೆ ಕರೆದು ಗೋಧಿ ತುಂಬಿದ ಪಾರಿವಾಳ ಬಡಿಸಿದೆ. ಆ ತುಂಬು ಬಸುರಿಯೇ ಅವರ ಕೈಗೆ ನೀರು ಹಾಕಿದಳು. ಹಿರಿಯವನು ಮೂರೂ ಖಾತೆಗೆ ಫೋನು ಮಾಡಿದ. ಗಂಟೆಯೊಳಗೆ ಮೋಟಾರು ಲಾಂಚು ಬಂತು.

"ಇದ್ಯಾವ ಖಾತೇದಪ್ಪಾ?" ಎಂದೆ.

"ಅದೆಲ್ಲಾ ಕೇಳ್ಬೇಡಿ ಅಮ್ಮಾ" ಎಂದು ಹತ್ತಿ ಹೊರಟುಹೋದ.

ಅಂದರೆ ಮಾನ್ಯರೇ, ಮೂರು ಖಾತೆಗಳು ಒಂದಾಗಬಲ್ಲವು. ಸಿಕ್ಕಿಬಿದ್ದವನು ನಿಮ್ಮವನಾಗಿರಬೇಕು, ಅಷ್ಟೆ. ನಾವು ಯಾರವರು? ಸುತ್ತ ನೀರು ನೋಡುತ್ತ ಸನಿಯ್ಯಾ ಈಗ ಅಂಗಳದಿಂದ ದಡಕ್ಕೆ, ದಡದಿಂದ ಅಂಗಳಕ್ಕೆ ನಡೆಯುತ್ತಾಳೆ.

ಮುದ್ರೆ ತೆಗೆಸಿ. ಆಗದಿದ್ದರೆ ಆ ಲಾಂಚು ಕಳಿಸಿ. ಯಾವ ಖಾತೆಯದೆಂದು ಈ ಸಲ ನಾನು ಕೇಳುವುದಿಲ್ಲ.

ಈ ಪತ್ರ ಮೀನಿನ ಬುಟ್ಟಿಯಲ್ಲಿ ಪತ್ರಿಕೆಯವರಿಗೆ ದಾಟುತ್ತಿದೆ, ಅಚ್ಚಾದಾಗ ಓದಿಕೊಳ್ಳಿ. ನೀವು ಮಾತ್ರ ಕಾಗದ ಬರೆಯಬೇಡಿ. ಅಂಚೆಯವನು ಬರುತ್ತಿದ್ದುದೂ ಆ ದೋಣಿಯಲ್ಲೇ, ಮೀನಿನ ದೋಣಿ ಹತ್ತಲು ಅವನಿಗೆ ಅಪ್ಪಣೆಯಿಲ್ಲವಂತೆ. ಮುಂದಿನ ತಿಂಗಳು ಕಾಲಿಡುವ ಮೊದಲು ಆಚೆ ದಡಕ್ಕೆ ಬಂದು ನಿಂತು ಉತ್ತರ ಕೂಗಿ ಹೇಳಿ. ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ.

ಇಂತಿ,
ಎಲ್ಲಿಗೂ ಹೋಗಲಾಗದ್ದರಿಂದ ಯಾವಾಗ ಬಂದರೂ ಸಿಗುವ,
ಸನಿಯ್ಯಾಳ ಅಜ್ಜಿ ಬಹಾನಾ