ಪರದೆಯ ಆ ಮೂಲೆ ನನಗೆ ಕಾಣುವುದಿಲ್ಲ

ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ಹೊಣೆ ಹೊತ್ತ ಮಾನ್ಯ ನಿರ್ದೇಶಕರೇ,

ತಾವು ತಂದ ಹೊಸ ಕಂಪ್ಯೂಟರ್ ಪರದೆಯಿಂದಾಗಿ ಹೋದ ವಾರ ಒಂದು ಜೀವ ಹೋಗುವುದರಲ್ಲಿತ್ತು. ಇದನ್ನು ಪತ್ರಿಕೆಯಲ್ಲಿ ಬರೆಯಲು ನನಗೆ ಭಾರೀ ಧೈರ್ಯವಿದೆಯೆಂದು ತಿಳಿಯಬೇಡಿ. ಬರೆಯಲು ಭಯವಿದೆ. ಬರೆಯದೆ ಸುಮ್ಮನಿರಲು ಅದಕ್ಕಿಂತ ಹೆಚ್ಚು ಭಯವಾಗುತ್ತಿದೆ, ಅಷ್ಟೇ.

ನನಗೆ ಗ್ಲಾಕೋಮಾ ಇದೆ. ಕಣ್ಣಿನ ನರ ಸದ್ದಿಲ್ಲದೆ ಸವೆಯುವ ಕಾಯಿಲೆ. ನೇರಕ್ಕಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಮಾಯವಾಗುತ್ತದೆ. ಮಾಯವಾಗಿದೆ ಎಂಬುದೂ ತಿಳಿಯುವುದಿಲ್ಲ. ಬಿಳಿ ಬೆಳಕು ಕಣ್ಣಿಗೆ ರಾಚುತ್ತದೆ, ಮಸುಕು ಅಕ್ಷರ ಅದರಲ್ಲಿ ಕರಗಿಹೋಗುತ್ತದೆ. "ಹೋಗಿರೋ ದೃಷ್ಟಿ ವಾಪಸ್ ಬರಲ್ಲಮ್ಮ, ಇರೋದನ್ನ ಉಳಿಸ್ಕೊಳ್ಳೋಣ. ಡ್ರಾಪ್ಸ್ ಮಾತ್ರ ತಪ್ಪಿಸ್ಬೇಡಿ" ಎಂದಿದ್ದಾರೆ ಕಣ್ಣಿನ ಡಾಕ್ಟರು. ತಪ್ಪಿಸಿಲ್ಲ. ಹಳೆಯ ಪರದೆಯಲ್ಲಿ ಹಿನ್ನೆಲೆ ಕಪ್ಪಗಿಟ್ಟುಕೊಂಡು, ಅಕ್ಷರ ದೊಡ್ಡದು ಮಾಡಿಕೊಂಡು ಗಾಡಿ ಕಳಿಸುವ ಕೆಲಸವನ್ನು ವರ್ಷಗಟ್ಟಲೆ ನಿಭಾಯಿಸಿದೆ. ನನ್ನಿಂದ ಒಂದು ಗಾಡಿಯೂ ದಾರಿ ತಪ್ಪಿರಲಿಲ್ಲ.

ಆಮೇಲೆ ತಾವು ಸುಧಾರಣೆ ತಂದಿರಿ. ಬೆಳ್ಳನೆಯ ಪರದೆ, ಅದರ ಮೇಲೆ ಇರುವೆ ಸಾಲಿನಂಥ ಬೂದು ಅಕ್ಷರ. ತುರ್ತು ಸೂಚನೆಗಳಿಗೆ ಬಲಗಡೆಯ ಕೆಳಮೂಲೆ, ಅದೂ ಸದ್ದಿಲ್ಲದೆ. ಬಣ್ಣವನ್ನಾಗಲಿ ಅಕ್ಷರವನ್ನಾಗಲಿ ನಾವು ಮುಟ್ಟದಂತೆ ಬೀಗ ಬೇರೆ. ಏಕರೂಪತೆಗಾಗಿಯಂತೆ! ಎಲ್ಲರ ಪರದೆ ಒಂದೇ ಆದರೆ ಎಲ್ಲರ ಕಣ್ಣೂ ಒಂದೇ ಆಗಿಬಿಡುತ್ತದೆಯೇ, ಮಾನ್ಯರೇ?

ತಮ್ಮ ಕೋಣೆಗೇ ಬಂದು ಕೇಳಿಕೊಂಡೆ. "ಒಬ್ರಿಗೋಸ್ಕರ ಎಲ್ಲಾ ಬದಲಾಯಿಸೋಕಾಗುತ್ತೇನ್ರೀ? ಒಳ್ಳೇ ಕನ್ನಡಕ ಹಾಕ್ಕೊಳ್ಳಿ" ಎಂದಿರಿ. ಕನ್ನಡಕ ಹಾಕಿದರೆ ಸತ್ತ ನರ ಎದ್ದು ಕೂರುತ್ತದೆಂಬುದು ವೈದ್ಯರಿಗೆ ಇನ್ನೂ ಗೊತ್ತಾಗಿಲ್ಲ, ತಾವೇ ತಿಳಿಸಬೇಕು.

ಅಂದು ಬೆಳಗಿನ ಪಾಳಿಯಲ್ಲಿದ್ದೆ. ಉಸಿರು ಕಟ್ಟುತ್ತಿರುವ ಗಂಡನಿಗಾಗಿ ಹೆಂಗಸೊಬ್ಬರು ಫೋನ್ ಮಾಡಿದರು. ಗಾಬರಿಯಲ್ಲಿ ಆಕೆ, ಬಿಟ್ಟುಬಂದಿದ್ದ ಹಳೆಯ ಮನೆಯ ವಿಳಾಸ ಹೇಳಿಬಿಟ್ಟಿದ್ದರು. ಗಾಡಿ ಅಲ್ಲಿಗೇ ಕಳಿಸಿದೆ. ಸ್ವಲ್ಪ ಹೊತ್ತಿಗೆ ಡ್ರೈವರ್ ಕೂಗಿದರು: "ಅಕ್ಕಾ, ಇಲ್ಲಿ ಬೀಗ ಹಾಕಿದೆ! ಮನೆ ಯಾವ್ದು?"

"ಅದೇ ಮನೆ ಅಣ್ಣ, ಅದೇ ವಿಳಾಸ ಇದೆ."

"ಯಾರೂ ಇಲ್ಲ ಅಕ್ಕಾ ಇಲ್ಲಿ!"

ಪರದೆಯನ್ನು ದಿಟ್ಟಿಸಿದೆ. ಬರೀ ಬಿಳುಪು. ಪಕ್ಕದ ಸೀಟಿನ ಗೆಳತಿ ಎದ್ದುನಿಂತು ಕಿರುಚಿದಳು: "ಲೇ, ಕೆಳಗೆ ನೋಡೇ! ಬಲಗಡೆ ಮೂಲೇಲಿ! ನೆರೆಮನೆಯವ್ರು ಫೋನ್ ಮಾಡಿ ಸರಿಯಾದ ವಿಳಾಸ ಕೊಟ್ಟಿದಾರೆ!"

ತಲೆ ತಿರುಗಿಸಿದ ಮೇಲೆ ಕಂಡಿತು. ಎಷ್ಟು ಹೊತ್ತಿನಿಂದ ಅಲ್ಲಿತ್ತೋ!

ಆ ಯಜಮಾನರು ಬದುಕಿಕೊಂಡರು. ಡ್ರೈವರ್ ಅಣ್ಣ ಗಾಡಿ ಓಡಿಸಿದ ರಭಸಕ್ಕೆ ಬದುಕಿದರೇ ಹೊರತು ತಮ್ಮ ಏಕರೂಪತೆಯಿಂದಲ್ಲ. ಗಾಡಿ ಕಳಿಸುವ ಸೀಟು ಬೇಡವೆಂದು ಅಂದೇ ಮೇಲ್ವಿಚಾರಕರಿಗೆ ಹೇಳಿದೆ. ಈಗ ಫೋನ್ ಎತ್ತಿ ವಿಳಾಸ ಕೇಳಿಕೊಳ್ಳುವುದಷ್ಟೇ ನನ್ನ ಕೆಲಸ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮರುದಿನ ಕೈ ತೊಳೆಯುವಲ್ಲಿ ಇನ್ನೊಂದು ಪಾಳಿಯಲ್ಲಿ ಗಾಡಿ ಕಳಿಸುವ ಹಿರಿಯರೊಬ್ಬರು ಹತ್ತಿರ ಬಂದು ಪಿಸುಗುಟ್ಟಿದರು: "ನಂಗೂ ಅದೇ ಕಾಯಿಲೆ ಕಣಮ್ಮ. ಬಾಯಿ ಬಿಡ್ಬೇಡ. ನಿನ್ನನ್ನ ಫೋನಿಗೆ ಹಾಕಿದ್ರು, ನನ್ನನ್ನ ಸೀದಾ ಮನೆಗೇ ಕಳಿಸ್ತಾರೆ."

"ನಿಮ್ಗೆ ಆ ಮೂಲೆ ಕಾಣುತ್ತಾ ಅಣ್ಣ?"

ಅವರು ನಲ್ಲಿ ನಿಲ್ಲಿಸಿ ಹೊರಟುಹೋದರು.

ಅಂದಿನಿಂದ ಅವರ ಪಾಳಿಯ ಹೊತ್ತಾದಾಗಲೆಲ್ಲ ನನಗೆ ಭಯವಾಗುತ್ತದೆ. ಅವರು ಯಾರೆಂದು ದಯವಿಟ್ಟು ಹುಡುಕಬೇಡಿ. ಅವರನ್ನು ತೆಗೆದರೆ ಇನ್ನೊಬ್ಬರು ಇನ್ನೂ ಜಾಣತನದಿಂದ ಬಚ್ಚಿಡುತ್ತಾರೆ. ಪರದೆಯ ಬೀಗ ತೆಗೆಯಿರಿ. ಬಣ್ಣ, ಬೆಳಕು, ಅಕ್ಷರದ ಗಾತ್ರ ಅವರವರ ಕಣ್ಣಿಗೆ ಬಿಡಿ. ತುರ್ತು ಸೂಚನೆ ಪರದೆಯ ನಟ್ಟನಡುವೆ ಬರಲಿ, ಸದ್ದು ಮಾಡಿಕೊಂಡು ಬರಲಿ. ಸಮಿತಿ ರಚಿಸಿ ಪರಿಶೀಲಿಸುವಷ್ಟು ವ್ಯವಧಾನ ನಮಗಿಲ್ಲ, ಇಂದೇ ಮಾಡಿ. ತಾವು ಈ ಸಾಲನ್ನು ಓದುತ್ತಿರುವಾಗ ಯಾರದೋ ಮನೆಯ ವಿಳಾಸ ಆ ಹಿರಿಯರ ಪರದೆಯ ಮೂಲೆಗೆ ಬಂದು ನಿಂತಿರಬಹುದು.

ಇಂತಿ,
ಹೆಸರು ಹಾಕದಿದ್ದರೂ ತಮಗೆ ಚೆನ್ನಾಗಿ ಗೊತ್ತಿರುವ,
ಈ ಪತ್ರ ಅಚ್ಚಾಗುವವರೆಗಾದರೂ ಕೆಲಸದಲ್ಲಿರುವ
ತಮ್ಮ ಸಿಬ್ಬಂದಿ